ಮಾಳವ್ವನ ಕೂಗು

ಮನುಷ್ಯ ದಿನಕ್ಕೆ ಸುಮಾರು ಆರುನೂರು ಸಲ ನುಂಗುತ್ತಾನೆ. ಊಟದ ತುತ್ತುಗಳು ಅದರಲ್ಲಿ ಮೂರನೆಯ ಒಂದು ಭಾಗ. ಉಳಿದದ್ದೆಲ್ಲ ಬರೀ ಉಗುಳು. ಇದನ್ನು ನಾನು ಇಪ್ಪತ್ತು ವರ್ಷ ವಿದ್ಯಾರ್ಥಿಗಳಿಗೆ ಪಾಠ ಹೇಳಿದ್ದೇನೆ, ಪರೀಕ್ಷೆಯಲ್ಲಿ ಕೇಳಿದ್ದೇನೆ, ಬರೆಯದವರ ಅಂಕ ಕತ್ತರಿಸಿದ್ದೇನೆ. ಆದರೆ ಆ ಆರುನೂರರಲ್ಲಿ ಒಂದೂ ಇಲ್ಲದೆ ಒಂದು ದಿನ ಹೇಗೆ ಕಳೆಯುತ್ತದೆ ಎಂಬುದು ನನ್ನ ಗಂಡನಿಗೆ ಲಕ್ವ ಹೊಡೆಯುವ ತನಕ ನನಗೆ ಗೊತ್ತಿರಲಿಲ್ಲ.

ಇವರು ಗದಗಿನಲ್ಲಿ ಖಾನಾವಳಿ ನಡೆಸುತ್ತಿದ್ದರು. ನಾನು ಪಶುವೈದ್ಯೆ. ನಾನು ದನಕುರಿಗಳ ಗಂಟಲು ನೋಡುವವಳು, ಇವರು ಮನುಷ್ಯರ ಗಂಟಲು ತುಂಬಿಸುವವರು, ಜೋಡಿ ಸರಿಯಾಗಿಯೇ ಇದೆ ಎಂದು ನೆಂಟರು ನಗುತ್ತಿದ್ದರು. ಲಕ್ವ ಹೊಡೆದದ್ದು ಕೈಗಲ್ಲ, ಕಾಲಿಗಲ್ಲ, ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಜಾಗಕ್ಕೆ. ನಾವು ನುಂಗುವಾಗ ಉಸಿರಿನ ದಾರಿ ಮುಚ್ಚಿ, ಅನ್ನದ ದಾರಿ ತೆರೆದು, ಹತ್ತಾರು ಸ್ನಾಯುಗಳನ್ನು ಒಂದೇ ಸೆಕೆಂಡಿನಲ್ಲಿ ಸಾಲಾಗಿ ಕುಣಿಸುವುದು ಆ ಜಾಗ. ಅದು ಸತ್ತ ಮೇಲೆ ಇವರು ನಡೆಯುತ್ತಿದ್ದರು, ಮಾತಾಡುತ್ತಿದ್ದರು, ಬೈಯುತ್ತಿದ್ದರು. ಒಂದು ಚಮಚ ನೀರು ಮಾತ್ರ ಒಳಗೆ ಹೋಗುತ್ತಿರಲಿಲ್ಲ. ಹೊಟ್ಟೆಗೆ ತೂತು ಮಾಡಿ ನಳಿಗೆ ಇಟ್ಟರು. ನಾನು ಅದರಲ್ಲಿ ಗಂಜಿ ಸುರಿಯುತ್ತಿದ್ದೆ.

ಇವರು ಅಷ್ಟಕ್ಕೆ ಒಪ್ಪುವವರ ಪೈಕಿಯಲ್ಲ. ಮಧ್ಯಾಹ್ನವಾದರೆ ಒಂದು ಸ್ಟೀಲ್ ಬೋಗುಣಿ ತೊಡೆಯ ಮೇಲೆ ಇಟ್ಟುಕೊಂಡು, ಜೋಳದ ರೊಟ್ಟಿಗೆ ಎಣ್ಣೆಗಾಯಿ ಹಚ್ಚಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಕಣ್ಣು ಮುಚ್ಚಿ ಚೆನ್ನಾಗಿ ಅಗಿದು, ಬೋಗುಣಿಗೆ ಉಗಿಯುತ್ತಿದ್ದರು.

"ಉಪ್ಪು ಕಡಿಮಿ ಆಗೇತಿ" ಎನ್ನುತ್ತಿದ್ದರು ಒಮ್ಮೊಮ್ಮೆ.

ಆ ಬೋಗುಣಿ ತೊಳೆಯುವಾಗ ನನಗೆ ಬರುತ್ತಿದ್ದ ಸಿಟ್ಟು ಯಾರ ಮೇಲೆ ಎಂದು ಇವತ್ತಿಗೂ ಹೇಳಲಾರೆ.

ಊರಾಚೆ ನಮ್ಮ ಗಂಟಲು ಸಂಶೋಧನಾ ಕೇಂದ್ರ. ಅಲ್ಲಿ ಡಾಕ್ಟರ್ ಇನಾಮತಿ ಎಂಬ ಶಸ್ತ್ರಚಿಕಿತ್ಸಕರು ಒಂದೇ ಪ್ರಶ್ನೆ ಹಿಡಿದು ಒಂಬತ್ತು ವರ್ಷ ಕೂತಿದ್ದರು: ಮನುಷ್ಯನಲ್ಲಿ ಸತ್ತುಹೋದ ಆ ಕಡಲೆಕಾಳನ್ನು ಬೇರೆ ಪ್ರಾಣಿಯಿಂದ ತಂದು ನೆಟ್ಟರೆ ಏನಾಗುತ್ತದೆ? ಅವರು ಆರಿಸಿದ್ದು ಕುರಿಯನ್ನು. ಕುರಿ ಮೇಯುವಾಗ ನುಂಗುತ್ತದೆ, ನುಂಗಿದ್ದನ್ನು ಮೇಲೆ ತಂದು ಮೆಲುಕು ಹಾಕಿ ಮತ್ತೆ ನುಂಗುತ್ತದೆ. "ನುಂಗೋದು ನಮಗ ಹವ್ಯಾಸ, ಕುರಿಗೆ ಉದ್ಯೋಗ" ಎನ್ನುತ್ತಿದ್ದರು ಇನಾಮತಿ. ಮನುಷ್ಯನ ದೇಹ ಪರಕೀಯವೆಂದು ಒದೆಯದಂತೆ ವಂಶವಾಹಿ ತಿದ್ದಿದ ಕುರಿಗಳನ್ನು ಸಾಕಿ, ಅವುಗಳ ಮೆದುಳಿನ ಬುಡದಿಂದ ಜೀವಂತ ನರಕೋಶಗಳ ಒಂದು ಚೂರು ತೆಗೆದು ರೋಗಿಗೆ ಕಸಿ ಮಾಡುವುದು. ಕುರಿ ಸಾಕುವ ಭಾಗ ನನ್ನದು.

ಕುರಿ ಸಾಕುವ ಭಾಗ ನನ್ನದು ಎಂದದ್ದು ಬಾಯಿಮಾತಿಗೆ. ಸಾಕಿದವಳು ಮಾಳವ್ವ. ಐವತ್ತೈದು ದಾಟಿದ, ಕಪ್ಪು ಕಂಬಳಿ ಹೆಗಲಿಂದ ಇಳಿಸದ, ದವಡೆಯಲ್ಲಿ ಸದಾ ತಂಬಾಕು ಸುಣ್ಣ ಇಟ್ಟುಕೊಂಡಿರುವ ಕುರುಬರ ಹೆಂಗಸು. ನಮ್ಮ ಯಂತ್ರದ ಗೋದಲಿಯಲ್ಲಿ ಕುರಿಗಳು ಮೇವು ಮುಟ್ಟದೆ ಸೊರಗಿದಾಗ ಅವಳನ್ನು ಕರೆತಂದೆವು. ಅವಳು ಹಿಂಡಿಯ ಉಂಡೆ ಕಟ್ಟಿ ಒಂದೊಂದು ಕುರಿಗೂ, ಅಲ್ಲೇ ಹುಟ್ಟಿದ ಮರಿಗಳಿಗೂ ಕೈಯಿಂದ ತಿನ್ನಿಸುತ್ತಿದ್ದಳು. ಪ್ರತಿ ಉಂಡೆಗೂ ಒಂದು ಕೂಗು. ಅದನ್ನು ಅಕ್ಷರದಲ್ಲಿ ಬರೆಯಲು ಬರುವುದಿಲ್ಲ. ಹೊಟ್ಟೆಯ ಆಳದಿಂದ ಎದ್ದು, ಗಂಟಲಲ್ಲಿ ಒಮ್ಮೆ ತಡೆದು, ನಾಲಿಗೆಯ ತುದಿಯಲ್ಲಿ ಗುರುಗುಟ್ಟಿ ಮುಗಿಯುವ ಸದ್ದು. ಕೇಳಿದೊಡನೆ ಕುರಿ ಬಾಯಲ್ಲಿ ಏನೂ ಇಲ್ಲದಿದ್ದರೂ ಒಮ್ಮೆ ಗುಟುಕರಿಸುತ್ತಿತ್ತು. ಇದನ್ನು ನಾನು ಸಾವಿರ ಸಲ ಕಂಡಿದ್ದೇನೆ.

ನನ್ನ ವರದಿಯಲ್ಲಿ ಕುರಿ ಸಾಕಣೆಗೆ ಆರು ಪುಟ ಇತ್ತು. ಮೇವಿನ ತೂಕ ಗ್ರಾಮಿನಲ್ಲಿ, ದೊಡ್ಡಿಯ ಉಷ್ಣತೆ, ಗಾಳಿಯ ತೇವ, ನೀರಿನ ಗಡಸುತನ, ಎಲ್ಲ ಬರೆದಿದ್ದೆ. ಮಾಳವ್ವನ ಕೂಗು ಬರೆದಿರಲಿಲ್ಲ. ಕುರಿ ಸಾಕುವವರು ಕೂಗುತ್ತಾರೆ, ಅದನ್ನು ಯಾರಾದರೂ ಬರೆಯುತ್ತಾರೆಯೇ? ಸಂಶೋಧಕಳು ಎನ್ನಿಸಿಕೊಂಡವಳ ಕಿವಿಗೆ ಅದು ಹಕ್ಕಿ ಕೂಗಿದಂತೆ, ಲಾರಿ ಹೋದಂತೆ ಆಗಿಬಿಟ್ಟಿತ್ತು.

ಹತ್ತೊಂಬತ್ತು ಜನರಿಗೆ ಕಸಿ ಮಾಡಿದೆವು. ಇವರು ಹನ್ನೆರಡನೆಯವರು. ಹೊಸ ಕಟ್ಟಡಕ್ಕೆ ಜಾಗ ಸಾಲದೆ ವಾರ್ಡನ್ನು ಕುರಿದೊಡ್ಡಿಯ ಗೋಡೆಗೆ ಆನಿಸಿಯೇ ಕಟ್ಟಿದ್ದೆವು. ಇಡೀ ಕೇಂದ್ರಕ್ಕೆ ಒಂದೇ ಗಂಟೆ. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ಆರಕ್ಕೆ ಅದು ಬಾರಿಸಿದರೆ ಕುರಿಗೂ ಊಟ, ರೋಗಿಗೂ ಊಟ. ಕಸಿಯಾದ ಆರನೆಯ ವಾರ ಇವರ ಬಾಯಿಗೆ ನಾನು ಮೆತ್ತಗಿನ ರವೆ ಗಂಜಿ ಇಟ್ಟೆ. ಕಿಟಕಿ ತೆರೆದಿತ್ತು. ಗಂಟಲ ಗಂಟು ಮೇಲೆದ್ದು ಕೆಳಗಿಳಿಯಿತು. ಇವರು ನನ್ನ ಮುಖ ನೋಡಿ, ಎರಡು ವರ್ಷದ ಮೇಲೆ ಮೊದಲ ಸಲ, ಗಟ್ಟಿಯಾಗಿ ಅತ್ತರು. ನಾನೂ ಅತ್ತೆ. ಎಕ್ಸ್-ರೇ ಪರೀಕ್ಷೆಯೂ ಊಟದ ಹೊತ್ತಿನಲ್ಲೇ, ಅದೇ ಗೋಡೆಯ ಪಕ್ಕದಲ್ಲೇ ನಡೆಯಿತು. ಹತ್ತೊಂಬತ್ತರಲ್ಲಿ ಹತ್ತೊಂಬತ್ತೂ ಪಾಸು.

ನಳಿಗೆ ತೆಗೆದು ಎಲ್ಲರನ್ನೂ ಮನೆಗೆ ಕಳಿಸಿದೆವು.

ಮನೆಯಲ್ಲಿ ಮೊದಲ ದಿನ ನಾನು ಮಾಡಿದ್ದು ಗೋಧಿ ಹುಗ್ಗಿ. ಇವರು ಬಾಯಿಗೆ ಹಾಕಿಕೊಂಡರು, ಕಾದರು. ಏನೂ ಆಗಲಿಲ್ಲ. ಆಮೇಲೆ ಕೆಮ್ಮು ಹತ್ತಿತು, ಮುಖ ನೀಲಿಯಾಯಿತು. ನಾನು ಬೆನ್ನು ಗುದ್ದಿ ಗುದ್ದಿ ಹೊರಗೆ ತೆಗೆದೆ. ದಣಿವು ಇರಬೇಕು ಅಂದುಕೊಂಡೆವು. ಮರುದಿನವೂ ಹಾಗೇ. ಅಷ್ಟರಲ್ಲಿ ಇನಾಮತಿಯವರ ಫೋನು ಬಿಡುವಿಲ್ಲದೆ ರಿಂಗಣಿಸತೊಡಗಿತ್ತು. ಮೊದಲ ವಾರದಲ್ಲೇ ನಾಲ್ವರು ತುತ್ತು ಶ್ವಾಸಕೋಶಕ್ಕೆ ಇಳಿದು ತೀರಿಕೊಂಡರು. ಆರು ಜನ ನಮ್ಮ ಮುಖಕ್ಕೆ ಉಗಿದು ಮತ್ತೆ ನಳಿಗೆ ಹಾಕಿಸಿಕೊಂಡರು. ಒಂಬತ್ತು ಜನ ವಾರ್ಡಿಗೆ ವಾಪಸ್ಸು ಬಂದರು, ಅವರಲ್ಲಿ ಇವರೂ ಒಬ್ಬರು.

ಗುಟ್ಟು ರಟ್ಟಾದದ್ದು ವಾಪಸ್ಸು ಬಂದ ದಿನ ಮಧ್ಯಾಹ್ನ. ನಾನು ಚಮಚ ಹಿಡಿದು ಕೂತಿದ್ದೆ. ಇವರ ಬಾಯಲ್ಲಿ ಗಂಜಿ ಹಾಗೇ ನಿಂತಿತ್ತು. ಗೋಡೆಯಾಚೆ ಮಾಳವ್ವ ಕೂಗಿದಳು. ಇವರ ಗಂಟಲು ಗುಟುಕ್ ಎಂದಿತು. ಅವಳು ಇನ್ನೊಂದು ಕುರಿಗೆ ಕೂಗಿದಳು, ಇವರ ಗಂಟಲು ಮತ್ತೆ ಗುಟುಕ್ ಎಂದಿತು. ನಾನು ಎದ್ದು ನಿಂತು ವಾರ್ಡಿನ ಉದ್ದಕ್ಕೂ ನೋಡಿದೆ. ಒಂಬತ್ತು ಹಾಸಿಗೆ, ಒಂಬತ್ತು ಗಂಟಲು, ಎಲ್ಲವೂ ಒಟ್ಟಿಗೆ ಏಳುತ್ತಿದ್ದವು, ಒಟ್ಟಿಗೆ ಇಳಿಯುತ್ತಿದ್ದವು.

ಮೆದುಳಿನ ಬುಡದಲ್ಲಿ ನುಂಗುವ ಕೋಶಗಳೂ ಸದ್ದನ್ನು ಒಯ್ಯುವ ನರಗಳೂ ಅಕ್ಕಪಕ್ಕದ ಮನೆಯವು. ಮರಿಯಾಗಿದ್ದಾಗಿನಿಂದ ಆ ಕೂಗಿಗೇ ನುಂಗಿ ನುಂಗಿ, ಕೂಗು ಬಂದರೆ ಮಾತ್ರ ಕೆಲಸ ಎಂದು ಆ ಕೋಶಗಳು ಕಲಿತುಬಿಟ್ಟಿದ್ದವು. ಕುರಿಯಲ್ಲಿದ್ದಾಗ ಮೆಲುಕು ಹಾಕಿಸುವ ಬೇರೆ ನರಗಳೂ ಅವನ್ನು ಎಬ್ಬಿಸುತ್ತಿದ್ದವು, ಕಿತ್ತು ತಂದ ಚೂರಿಗೆ ಉಳಿದದ್ದು ಕೂಗೊಂದೇ. ಆ ಕಲಿಕೆಯನ್ನೂ ಸೇರಿಸಿಯೇ ನಾವು ಕಸಿ ಮಾಡಿದ್ದೆವು. ಈಗ ಅದು ರೋಗಿಯ ನರಗಳೊಂದಿಗೆ ಬೆಸೆದುಕೊಂಡಿದೆ, ಕಿತ್ತರೆ ಉಸಿರಾಟವೇ ನಿಲ್ಲುತ್ತದೆ.

ಕೂಗನ್ನು ಮೊಬೈಲಿನಲ್ಲಿ ಹಿಡಿದು ಎಲ್ಲರಿಗೂ ಕೊಟ್ಟೆವು. ಮೂರು ದಿನ ನಡೆಯಿತು. ನಾಲ್ಕನೆಯ ದಿನ ಗಂಟಲುಗಳು ಕೇಳದ ಹಾಗೆ ಸುಮ್ಮನಾದವು. ತಲೆಯ ಮೇಲೆ ತಿರುಗುವ ಫ್ಯಾನಿನ ಸದ್ದು ನಮಗೆ ಕೇಳುವುದು ನಿಲ್ಲುತ್ತದಲ್ಲ, ನರಕೋಶದ ಸ್ವಭಾವವೇ ಅದು. ಕೂದಲೆಳೆಯ ವ್ಯತ್ಯಾಸವಿಲ್ಲದೆ ಮರಳಿ ಬರುವ ಸದ್ದನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮಾಳವ್ವನ ಒಂದು ಕೂಗಿನಂತೆ ಇನ್ನೊಂದು ಇರುತ್ತಿರಲಿಲ್ಲ. ಅವಳ ನೂರು ಕೂಗು ಹಿಡಿದು ಬದಲಿಸಿ ಬದಲಿಸಿ ಹಾಕಿದೆವು, ಅವೂ ವಾರದಲ್ಲಿ ಹಳತಾದವು. ಫೋನಿನಲ್ಲಿ ಅವಳಿಂದಲೇ ಕೂಗಿಸಿದೆವು. ರೆಕಾರ್ಡಿನಲ್ಲಿ ಉಳಿದಿದ್ದ ಕೂಗಿನ ತಳವನ್ನು ಫೋನಿನ ಕರೆ ಹಿಡಿಯಲಿಲ್ಲ.

ಹಾಗಾಗಿ ಮಾಳವ್ವ ವಾರ್ಡಿನ ಬಾಗಿಲಿಗೆ ಬಂದು ನಿಂತಳು. ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ನಲವತ್ತು ಕೂಗು. ಮೊದಲ ದಿನ ಆ ಒಂಬತ್ತು ಗಂಟಲು ಕಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಇದೇನ್ರೀ ಬಾಯಾರ, ನನ್ನ ಕುರಿ ಇವರ ಒಳಗ ಅದಾವಲ್ರೀ" ಎಂದಳು. ನನ್ನನ್ನು ಅವಳು ಮೇಡಂ ಎನ್ನುವ ಬದಲು ಬಾಯಾರು ಎನ್ನುತ್ತಿದ್ದಳು.

"ಹೌದು ಮಾಳವ್ವ."

"ಅಯ್ಯ ಶಿವನ. ಮತ್ತ ಹಸದಿರ್ತಾವು. ಹಿಡೀರಿ ಚಮಚಾ."

ಅಷ್ಟೇ ಅವಳು ಕೇಳಿದ್ದು. ಮಿಕ್ಕವರಿಗೆ ಅವಳನ್ನು ನೋಡಿ ನಾಚಿಕೆಯಾಗುತ್ತಿತ್ತು, ಕೆಲವರಿಗೆ ಸಿಟ್ಟು. ಇವರೊಬ್ಬರು ಮಾತ್ರ ಅವಳೊಂದಿಗೆ ಊಟದ ಮಾತಾಡುತ್ತಿದ್ದರು. ಹುಳಿಬಾನ ಹೇಗೆ ಮಾಡುತ್ತಾರೆ, ಕುರಿಹಾಲಿನ ಗಿಣ್ಣು ಎಷ್ಟು ಹೊತ್ತು ಬೇಯಿಸಬೇಕು ಎಂದೆಲ್ಲ. ಅವಳು ಇವರನ್ನು ಅಣ್ಣಾ ಎನ್ನುತ್ತಿದ್ದಳು. ಎಂಟು ತಿಂಗಳು ಹೀಗೆ ಹೋಯಿತು. ಆ ಎಂಟು ತಿಂಗಳು ನಾನು ಸುಖವಾಗಿದ್ದೆ ಎಂದರೆ ನೀವು ಏನಾದರೂ ಅಂದುಕೊಳ್ಳಿ.

ಅವಳ ದನಿ ಒಡೆದದ್ದು ಮೊದಲು ಕೇಳಿಸಿದ್ದು ನನಗೆ. ಗಂಟಲೇ ನನ್ನ ಕಸುಬು. ಕೂಗಿನ ಕೊನೆಯ ಗುರುಗುಟ್ಟುವಿಕೆಯಲ್ಲಿ ಒಂದು ಹರಕು ಬಂದಿತ್ತು. ನೆಗಡಿ ಇರಬಹುದು ಎಂದು ಹದಿನೈದು ದಿನ ಕಾದು, ದನಕುರಿಗಳ ಡಾಕ್ಟರಾದ ನನಗೆ ಹಕ್ಕಿಲ್ಲದಿದ್ದರೂ ಒಂದು ಬೆಳಿಗ್ಗೆ ಕ್ಯಾಮೆರಾದ ಕೊಳವೆ ಇಳಿಸಿ ನೋಡಿದೆ. ಧ್ವನಿಪೆಟ್ಟಿಗೆಯಲ್ಲಿ ಕೆಂಪು ಬಿಳಿ ಬೆರೆತ ಗಂಟು. ಚೂರು ಕಿತ್ತು ಪರೀಕ್ಷೆಗೆ ಕಳಿಸಿದೆ. ಕ್ಯಾನ್ಸರ್ ಎಂದು ಬಂತು. ಹುಬ್ಬಳ್ಳಿಯ ಸರ್ಜನ್ ಒಬ್ಬರಿಗೆ ಹೆಸರು ಹೇಳದೆ ಚಿತ್ರ ತೋರಿಸಿದೆ.

"ಧ್ವನಿಪೆಟ್ಟಿಗೆ ಪೂರ್ತಿ ತಗೀಬೇಕ್ರಿ. ಈ ತಿಂಗಳ ಒಳಗ ಮಾಡಿದ್ರ ಬದುಕ್ತಾರ. ದನಿ ಮಾತ್ರ ಇರಂಗಿಲ್ಲ" ಎಂದರು.

ಅವಳಿಗೆ ಓದಲು ಬರುವುದಿಲ್ಲ. ವರದಿ ಬಂದದ್ದು ನನ್ನ ಕೈಗೆ. ನಾನು ಅದನ್ನು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದೆ.

ನನಗೆ ನಾನೇ ಹೇಳಿಕೊಂಡ ಕಾರಣ ಇದು: ಅವಳದು ಒಂದು ಜೀವ, ಇಲ್ಲಿ ಒಂಬತ್ತು ಊಟ. ಒಂದು ತಿಂಗಳು ಸಿಕ್ಕರೆ ಆ ಕೂಗನ್ನು ನಾನು ಕಲಿಯುತ್ತೇನೆ, ಆಮೇಲೆ ನಾನೇ ಅವಳನ್ನು ಕರೆದೊಯ್ದು ಆಪರೇಷನ್ ಮಾಡಿಸುತ್ತೇನೆ. ಇನಾಮತಿಯವರಿಗೂ ಹೇಳಲಿಲ್ಲ. ನಿಜ ಹೇಳಬೇಕೆಂದರೆ ಒಂಬತ್ತು ಊಟದ ಮಾತೂ ಸುಳ್ಳು. ಆ ಸ್ಟೀಲ್ ಬೋಗುಣಿಯನ್ನು ನಾನು ಮತ್ತೆ ತೊಳೆಯಲಾರದವಳಾಗಿದ್ದೆ. ಅಷ್ಟೇ.

"ಗಂಟಲು ಬೇನಿ ಐತಿ ಮಾಳವ್ವ. ಉಪ್ಪುನೀರು ಮುಕ್ಕಳಿಸು, ಗುಳಿಗಿ ಕೊಡ್ತೀನಿ" ಎಂದೆ. ಕೊಟ್ಟದ್ದು ನೋವಿನ ಗುಳಿಗೆ.

ದಿನಾ ಹತ್ತು ಗಂಟೆಗೆ ದೊಡ್ಡಿಯಲ್ಲಿ ನನಗೆ ಪಾಠ. ಅವಳು ಒಂದು ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಕಲಿಸುತ್ತಿದ್ದಳು.

"ನೀವ್ ಬರೇ ಬಾಯಿಲೇ ಕೂಗಾಕತ್ತೀರಿ ಬಾಯಾರ. ಹೊಟ್ಟ್ಯಾಗಿಂದ ತರ್ರಿ."

ನಾನು ತಂದೆ. ಮರಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಭಾಳ ಅವಸರ ಮಾಡ್ತೀರಿ ನೋಡ್ರಿ. ಅದರ ಹಸಿವು ನೆನಸ್ರಿ, ನಿಮ್ಮ ಕೆಲಸ ನೆನಸಬ್ಯಾಡ್ರಿ" ಎಂದು ನಗುತ್ತಿದ್ದಳು. ನಗುವಾಗ ಕಿವಿಯ ಕೆಳಗೆ ಕೈ ಒತ್ತಿಕೊಳ್ಳುತ್ತಿದ್ದಳು. ಕಿವಿಗೆ ಹರಿಯುವ ನೋವು ಏನು ಹೇಳುತ್ತದೆ ಎಂಬುದು ನನ್ನ ಪಾಠದ ಪುಸ್ತಕದಲ್ಲಿತ್ತು. ಒಂದು ತಿಂಗಳು ಎರಡಾಯಿತು. ಕುರಿಗಳು ನನ್ನ ಕೂಗಿಗೆ ತಲೆಯೆತ್ತತೊಡಗಿದವು. ವಾರ್ಡಿನ ಗಂಟಲು ಒಂದೂ ಅಲ್ಲಾಡಲಿಲ್ಲ. ಮರಿಯಾಗಿದ್ದಾಗ ಕಲಿತ ದನಿ ಬಿಟ್ಟು ಇನ್ನೊಂದನ್ನು ಒಪ್ಪುವ ವಯಸ್ಸು ಆ ಕೋಶಗಳಿಗೆ ಮುಗಿದಿತ್ತು. ಮೂರನೆಯ ವಾರದಲ್ಲೇ ನನಗೆ ಅದು ಗೊತ್ತಾಗಿತ್ತು. ಆದರೂ ಬೀಗ ತೆಗೆಯಲಿಲ್ಲ.

ಕಂಡುಹಿಡಿದದ್ದು ಇವರು. ಮೂವತ್ತು ವರ್ಷ ಖಾನಾವಳಿಯಲ್ಲಿ ಯಾರ ತಾಟಿನಲ್ಲಿ ಏನು ಉಳಿಯಿತು ಎಂದು ನೋಡುತ್ತ ನಿಂತ ಮನುಷ್ಯ. ಒಂದು ಮಧ್ಯಾಹ್ನ ಎಲ್ಲರ ಊಟ ಮುಗಿದ ಮೇಲೆ ಮಾಳವ್ವ ತನ್ನ ಬುತ್ತಿ ಬಿಚ್ಚಿದ್ದಳು. ಇವರು ನನ್ನನ್ನು ಹತ್ತಿರ ಕರೆದರು.

"ಪ್ರಮೀಳಾ, ಮಾಳವ್ವ ರೊಟ್ಟಿ ಬಿಟ್ಟು ಎಷ್ಟ್ ದಿನಾ ಆತು?"

"ನನಗೇನ್ ಗೊತ್ತು?"

"ಮೊದಲ ರೊಟ್ಟಿ ಕಡ್ಕೊಂಡು ತಿಂತಿದ್ಲು. ಆಮ್ಯಾಲ ಹಾಲಾಗ ಅದ್ದಾಕ ಹತ್ತಿದ್ಲು. ಎಂಟ್ ದಿನದಿಂದ ಬರೇ ಅಂಬಲಿ. ಇವತ್ತ ಅದನ್ನೂ ಅರ್ಧಾ ಬಿಟ್ಟಾಳ. ಹೊಟ್ಟಿ ಹಸದೈತಿ ಆಕೀಗೆ, ಮುಖ ನೋಡಿದ್ರ ತಿಳೀತೈತಿ. ಆಕಿ ತಾನ ನುಂಗವಲ್ಲಳು." ಇವರು ನನ್ನ ಕಣ್ಣನ್ನೇ ನೋಡುತ್ತಿದ್ದರು. "ನೀ ಗಂಟಲ ಡಾಕ್ಟರ್. ನಿನಗ ಗೊತ್ತಿಲ್ಲಂದ್ರ ನಾ ನಂಬಂಗಿಲ್ಲ."

ನಾನು ಎಲ್ಲ ಹೇಳಿದೆ. ಖಾನೆಯ ಬೀಗದ ತನಕ ಹೇಳಿದೆ. ಇವರು ಬೈಯಲಿಲ್ಲ. ಆ ಹೊತ್ತು ಬಾಯಲ್ಲಿ ಉಳಿದಿದ್ದ ಬಾಳೆಹಣ್ಣಿನ ಚೂರನ್ನು ಬೆರಳಿನಿಂದ ತೆಗೆದು ತಾಟಿನಲ್ಲಿಟ್ಟರು.

"ಈಗಿಂದೀಗ ಕರ್ಕೊಂಡು ಹೋಗು" ಎಂದರು.

ಅದೇ ಸರ್ಜನ್. ಕುತ್ತಿಗೆಯ ಎರಡೂ ಕಡೆ ಕೈಯಾಡಿಸಿ ನೋಡಿ, ಸ್ಕ್ಯಾನ್ ಮಾಡಿಸಿ, ನನ್ನನ್ನು ಹೊರಗೆ ಕರೆದರು. ದೊಡ್ಡ ರಕ್ತನಾಳದ ಸುತ್ತ ಹಬ್ಬಿದೆ, ಈಗ ಕತ್ತಿ ಹಾಕಲು ಬರುವುದಿಲ್ಲ ಎಂದರು. ಎರಡು ತಿಂಗಳ ಹಿಂದೆ ನಾನು ತೋರಿಸಿದ ಚಿತ್ರ ಅವರಿಗೆ ನೆನಪಿತ್ತು. "ಅದು ಇವರದೇನು?" ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ಅವರು ನನ್ನನ್ನು ಅಲ್ಲೇ ಬಿಟ್ಟು ಒಳಗೆ ಹೋದರು.

ವಾಪಸ್ಸು ಬರುವಾಗ ಜೀಪಿನಲ್ಲಿ ಮಾಳವ್ವನಿಗೆ ನಾನೇ ಹೇಳಿದೆ. ಅವಳು ಹೊರಗಿನ ಕರಿಹೊಲದಿಂದ ಕಣ್ಣು ತೆಗೆಯದೆ ಕೇಳಿದಳು.

"ಎರಡ್ ತಿಂಗಳ ಹಿಂದ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ನನಗ ಕೇಳಬೇಕಿತ್ರಿ ಬಾಯಾರ. ಕೇಳಿದ್ರ, ಒಂದೀಟು ದಿನ ಕೂಗೇ ಹೋಗ್ತೀನಿ ಅಂತಿದ್ನೋ ಏನೋ. ಅಣ್ಣಾರು ಅದಾರ, ಒಳಗ ನನ್ನ ಕುರಿ ಅದಾವ. ಇಲ್ಲಂದ್ರ ಇಲ್ಲ ಅಂತಿದ್ದೆ, ನನಗೂ ಮೊಮ್ಮಕ್ಕಳದಾವ." ಕಂಬಳಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡಳು. "ಕುರಿ ಕೊಯ್ಯೂಮುಂದ ಕುರೀನ ಕೇಳಂಗಿಲ್ಲ. ನಾ ಕುರಿ ಅಲ್ರಿ."

ನಾನು ತಪ್ಪಾಯಿತು ಎಂದೆ. ಆ ಶಬ್ದ ಜೀಪಿನ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ.

ಅವಳು ಮನೆಗೆ ಹೋಗುತ್ತಾಳೆ ಎಂದುಕೊಂಡಿದ್ದೆ. ಹೋಗಲಿಲ್ಲ. ಮಗ, ಸೊಸೆ ಬಂದು ಕರೆದರೂ ಏಳಲಿಲ್ಲ. ವಾರ್ಡಿನಲ್ಲಿ ಹತ್ತನೆಯ ಹಾಸಿಗೆ ಹಾಕಿದೆವು. ಅವಳ ಹೊಟ್ಟೆಗೂ ನಳಿಗೆ ಬಂತು. ಗಂಟೆ ಬಾರಿಸಿದರೆ ದಿಂಬಿಗೆ ಒರಗಿ ಕೂಗುತ್ತಿದ್ದಳು. ನಲವತ್ತು ಕೂಗು ಇಪ್ಪತ್ತಾಯಿತು, ಆಮೇಲೆ ಹತ್ತು. ದನಿ ಸಣ್ಣಗಾದಂತೆ ಹಾಸಿಗೆಗಳನ್ನು ಅವಳ ಹತ್ತಿರ ಹತ್ತಿರ ಎಳೆದೆವು. ಕೊನೆಗೆ ಒಂಬತ್ತೂ ಹಾಸಿಗೆ ಅವಳ ಸುತ್ತ ಸೇರಿದವು.

ಇವರು ಮಾತ್ರ ಆ ದಿನದಿಂದ ಬಾಯಿಗೆ ಏನೂ ಹಾಕಿಕೊಳ್ಳಲಿಲ್ಲ. ಮತ್ತೆ ನಳಿಗೆ ಹಾಕಿಸಿಕೊಂಡು, ಅದರ ಗಂಜಿ ಸಾಕು ಎಂದರು. ನಾನು ಬೇಡಿಕೊಂಡೆ, ಚಮಚ ಹಿಡಿದು ನಿಂತೆ. ತುಟಿ ಬಿಗಿಹಿಡಿದು ಗೋಡೆ ನೋಡುತ್ತಿದ್ದರು. ಆದರೆ ಗಂಟಲು ಇವರ ಮಾತು ಕೇಳಬೇಕಲ್ಲ. ಮಾಳವ್ವ ಕೂಗಿದರೆ, ಬರಿದಾದ ಬಾಯಲ್ಲಿ, ಇವರ ಅಪ್ಪಣೆ ಇಲ್ಲದೆ, ಅದು ಎದ್ದು ಇಳಿಯುತ್ತಿತ್ತು. ಪ್ರತಿ ಸಲವೂ ಇವರ ಕಣ್ಣಲ್ಲಿ ನೀರು ಬರುತ್ತಿತ್ತು.

ಒಂದು ಮಧ್ಯಾಹ್ನ ಮಾಳವ್ವ ಅದನ್ನು ನೋಡಿದಳು. ಕೈಸನ್ನೆ ಮಾಡಿ ಇವರನ್ನು ಕರೆದಳು. ಉಸಿರಿಗೆ ಒಂದು ಮಾತಿನಂತೆ, ಪಿಸುಗುಡುತ್ತ ಹೇಳಿದಳು:

"ಅಣ್ಣಾ... ಬಾಯಾಗ ಏನರ ಇಟ್ಕೋರಿ. ಬರೇ ಬಾಯಿಲೇ ನುಂಗಬ್ಯಾಡ್ರಿ... ನನ್ನ ಕೂಗು ಹಾಳಾಕ್ಕೈತಿ."

ಇವರು ನನ್ನ ಕಡೆ ಕೈ ಚಾಚಿದರು. ನಾನು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟೆ. ಇವರು ಮಾಳವ್ವನ ಮುಖ ನೋಡುತ್ತಲೇ ಅಗಿದು, ಬಾಯಿ ಮುಚ್ಚಿ ಕಾದರು. ಅವಳು ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದು, ಕೂಗಿದಳು. ಸದ್ದು ಬರಲಿಲ್ಲ. ಬರೀ ಗಾಳಿ ಬಂತು. ಇನ್ನೊಮ್ಮೆ ಕೂಗಿದಳು. ಆಮೇಲೆ ಇನ್ನೊಮ್ಮೆ. ಒಂಬತ್ತು ಗಂಟಲಲ್ಲಿ ಒಂದೂ ಅಲ್ಲಾಡಲಿಲ್ಲ. ನಾನು ಓಡಿಹೋಗಿ ಸ್ಟೀಲ್ ಬೋಗುಣಿ ತಂದು ಇವರ ಬಾಯಿಯ ಕೆಳಗೆ ಹಿಡಿದೆ.

ಅದಾದ ಒಂಬತ್ತು ದಿನಕ್ಕೆ ಮಾಳವ್ವ ತೀರಿಕೊಂಡಳು. ಅವಳ ಮಗ ಹೆಣ ಒಯ್ಯಲು ಬಂದಾಗ ಕೇಂದ್ರದ ಪರವಾಗಿ ಹಾರ ಹಿಡಿದು ಹೋದೆ. ಅವನು ಅದನ್ನು ತೆಗೆದುಕೊಂಡು ಕುರಿದೊಡ್ಡಿಯ ಬಾಗಿಲಿಗೆ ಹಾಕಿ ಹೋದ.

ಈಗ ವಾರ್ಡು ಮುಚ್ಚಿದೆ. ಉಳಿದ ಎಂಟು ಜನ ನಳಿಗೆಯೊಂದಿಗೆ ಮನೆಗೆ ಹೋದರು. ವಿಚಾರಣೆ ನಡೆದಿದೆ, ನಾನು ಏನನ್ನೂ ಬಚ್ಚಿಟ್ಟಿಲ್ಲ. ಉಳಿದ ಕುರಿಗಳನ್ನು ಸದ್ಯಕ್ಕೆ ಮೇಯಿಸುವವಳು ನಾನೇ. ಎರಡು ತಿಂಗಳು ಕಲಿತ ಕೂಗು ಅವಕ್ಕೆ ಸಾಕು. ಕೇಂದ್ರದ ಹಿಂದಿನ ವಸತಿಯಲ್ಲಿ ನಮ್ಮ ಸಂಸಾರ. ನಾನು ನಳಿಗೆಗೆ ಗಂಜಿ ಸುರಿಯುತ್ತೇನೆ, ಇವರು ಬೇಡ ಎನ್ನುವುದಿಲ್ಲ. ಉಪ್ಪು ಕಡಿಮೆ ಎಂದೂ ಅನ್ನುವುದಿಲ್ಲ, ಯಾಕೆಂದರೆ ಅಗಿಯುವುದನ್ನೂ ಬಿಟ್ಟಿದ್ದಾರೆ. ಬೋಗುಣಿ ಒಣಗಿ ಕಪಾಟಿನಲ್ಲಿದೆ. ಅದನ್ನು ತೊಳೆಯುವ ಕೆಲಸ ನನಗೆ ನಿಜವಾಗಿಯೂ ತಪ್ಪಿತು.

ಬೆಳಿಗ್ಗೆ ಎಂಟಕ್ಕೆ ಗಂಟೆ ಬಾರಿಸಿದರೆ ಇವರ ಕತ್ತು ಕಿಟಕಿಯ ಕಡೆ ತಿರುಗುತ್ತದೆ. ಬಾಯಿ ಸ್ವಲ್ಪ ತೆರೆಯುತ್ತದೆ. ಹಾಗೇ ಸ್ವಲ್ಪ ಹೊತ್ತು ಕಾಯುತ್ತಾರೆ. ಕಾಯುವುದು ಇವರೋ, ಒಳಗಿನ ಕುರಿಯೋ ನನಗೆ ಗೊತ್ತಿಲ್ಲ. ಪಕ್ಕದಲ್ಲೇ ಕೂತಿರುತ್ತೇನೆ, ಇವರನ್ನು ಕೇಳುವುದಿಲ್ಲ.